ಕಿರ್ದಿಗೆ ಹತ್ತದ ಮೂವತ್ತು ರೂಪಾಯಿ

ಮಾಲೂರು ಸ್ಟೇಷನ್ನಿನಿಂದ ಒಂದು ಮೈಲಿ ದೂರದಲ್ಲಿ, ಕೆರೆಯಂಗಳದ ಪಕ್ಕಕ್ಕೆ ಚನ್ನರಾಯಪ್ಪನ ಇಟ್ಟಿಗೆ ಗೂಡುಗಳಿದ್ದವು. ಅವನ ಇಟ್ಟಿಗೆಯನ್ನು ಒಂದಕ್ಕೊಂದು ತಟ್ಟಿದರೆ ಕಂಚಿನ ಸದ್ದು ಬರುತ್ತದೆ ಎಂದು ಗಾರೆಯವರು ಹೇಳುತ್ತಿದ್ದರು. ಅವನು ಹೊಗಳಿಕೆಗೆ ಉಬ್ಬುವ ಆಸಾಮಿಯಲ್ಲ. ಬೆಂದದ್ದು ಬೇಯದ್ದು ನೋಡದೆ ಗಾಡಿಗೆ ಹೇರಿದರೆ ಅಲ್ಲೇ ನಿಲ್ಲಿಸಿ ಪೂರ್ತಿ ಇಳಿಸುತ್ತಿದ್ದ. ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ. ಇಂಥವನು ವರ್ಷಕ್ಕೆ ಎರಡು ಸಲ, ಮಾರ್ಚಿನಲ್ಲೊಮ್ಮೆ ಸೆಪ್ಟೆಂಬರಿನಲ್ಲೊಮ್ಮೆ, ಒಗೆದ ಪಂಚೆ ಉಟ್ಟು ರುಮಾಲು ಸುತ್ತಿ ಗೂಡಿನ ಕೆಲಸ ಬಿಟ್ಟು ಕೋಲಾರಕ್ಕೆ ಹೋಗುತ್ತಿದ್ದ. ಬೌರಿಂಗ್‌ಪೇಟೆಯಲ್ಲಿ ಇಳಿದು ಸಣ್ಣ ರೈಲು ಹತ್ತಿ, ಖಜಾನೆಯ ಕಿಟಕಿಯ ಮುಂದೆ ನಿಂತು, ಮೂವತ್ತು ರೂಪಾಯಿ ಎಣಿಸಿಕೊಂಡು, ಸೊಂಟದ ಚೀಲದಲ್ಲಿ ಅದನ್ನು ತನ್ನ ಹಣದ ಜೊತೆ ಬೆರೆಸದೆ ಬೇರೆ ಗಂಟಿನಲ್ಲಿ ಕಟ್ಟಿ, ಸಂಜೆಯ ಹೊತ್ತಿಗೆ ಮನೆ ಸೇರುತ್ತಿದ್ದ.

ಆ ಮೂವತ್ತು ರೂಪಾಯಿ ಅವನದಲ್ಲ, ತಂಗಿ ಮುತ್ಯಾಲಮ್ಮನದು.

ಮುತ್ಯಾಲಮ್ಮನನ್ನು ಶ್ರೀನಿವಾಸಪುರದ ಆಚೆ ಗೌನಿಪಲ್ಲಿಗೆ ಕೊಟ್ಟಿದ್ದರು. ಮಾವಿನ ತೋಪು ಇದ್ದ ಮನೆ, ತೆಲುಗು ಮಾತಿನ ಜನ. ಅವಳು ಬರೀ ಕನ್ನಡ ಬಲ್ಲವಳಾಗಿ ಹೋಗಿ, ತೆಲುಗು ಕಲಿತು ಬಾಳಿದ್ದು ಆರೇ ವರ್ಷ. ಸಾವಿರದ ಒಂಬೈನೂರ ಮೂವತ್ತೊಂದರಲ್ಲಿ ಪ್ಲೇಗು ಬಂದು ಗಂಡ ಮೂರು ದಿನದಲ್ಲಿ ಹೋದ. ಮಕ್ಕಳಿರಲಿಲ್ಲ. ಇಪ್ಪತ್ತೆರಡು ವರ್ಷದ ಹುಡುಗಿ ತವರಿಗೆ ವಾಪಸು ಬಂದಳು. ಹದಿನೈದು ದಿನ ಕಳೆಯುವುದರೊಳಗೆ ಅವಳ ಮಾವ ಒಡವೆ ಕೇಳಿಕೊಂಡು ಬಂದ. ಚನ್ನರಾಯಪ್ಪ ಅವರು ಹಾಕಿದ್ದನ್ನು ಒಂದು ಗುಂಜಿಯೂ ಬಿಡದೆ ತೂಗಿ ಕೊಟ್ಟ. ತವರಿನವರು ಹಾಕಿದ್ದನ್ನು ಮಾತ್ರ ಕೊಡಲಿಲ್ಲ. ಆಗ ಬದುಕಿದ್ದ ತಾಯಿ ಮುನಿಗಂಗಮ್ಮ ಮಗನನ್ನು ಒಳಗೆ ಕರೆದು ಹೇಳಿದಳು.

"ಚನ್ನಾ, ಈ ಒಡವೆ ನಮ್ಮ ಕಿರ್ದಿಗೆ ಹತ್ತಬಾರ್ದು ಕಣೋ. ಕಿರ್ದೀಲಿ ಬರೆದ್ರೆ ಮನೇದಾಗ್ತದೆ, ನಾಳೆ ನಿನ್ನ ಮಕ್ಕಳು ಪಾಲು ಕೇಳ್ತಾರೆ. ನಿಮ್ಮಜ್ಜಿ ಕಾಲದಿಂದ ಈ ಮನೇಲಿ ಹೆಣ್ಮಕ್ಕಳ ಕಾಸು ಪುಸ್ತಕ ನೋಡಿಲ್ಲ."

ಕಿರ್ದಿ ಎಂದರೆ ದಿನದಿನದ ಜಮಾ ಖರ್ಚು ಬರೆಯುವ ಪುಸ್ತಕ. ಆ ಮನೆಯಲ್ಲಿ ಒಂದು ಕೂಳೆ ಕಡ್ಡಿ ಮಾರಿದರೂ ಅದರಲ್ಲಿ ಏರುತ್ತಿತ್ತು. ಹೆಣ್ಣುಮಕ್ಕಳ ಹಣ ಮಾತ್ರ ಏರುತ್ತಿರಲಿಲ್ಲ. ಸೋದರತ್ತೆ ಎಮ್ಮೆ ಕಟ್ಟಿ ಮಾಡಿದ ದುಡ್ಡು, ಅಜ್ಜಿಯ ಬೆಳ್ಳಿ ಡಾಬು, ಯಾವುದಕ್ಕೂ ಅಲ್ಲಿ ಒಂದಕ್ಷರ ಇಲ್ಲ. ಬರೆಯದೆ ಬಿಡುವುದೇ ಅವರ ಪಾಲಿಗೆ ಕಾವಲು. ಬರೆದದ್ದನ್ನು ಹಂಚಬಹುದು, ಬರೆಯದ್ದನ್ನು ಯಾವ ಅಣ್ಣತಮ್ಮನೂ ಹಂಚಲಾರ ಎಂಬುದು ಅವರ ನಂಬಿಕೆ. ಆ ನಂಬಿಕೆ ಕೆಟ್ಟದ್ದು ಎಂದು ಹೇಳಲು ನನಗೆ ಈಗಲೂ ಬಾಯಿ ಬರುವುದಿಲ್ಲ.

ಒಡವೆ ಮಾರಿ ಬಂದದ್ದು ಸಾವಿರದ ಇನ್ನೂರು. ಮನೆಯಲ್ಲಿಟ್ಟರೆ ಕರಗುತ್ತದೆ, ಗೂಡಿಗೆ ಹಾಕಿದರೆ ಕಿರ್ದಿಗೆ ಹತ್ತುತ್ತದೆ. ಆಗ ಮೈಸೂರು ಸರ್ಕಾರದ ಬಾಂಡು ಸಿಗುತ್ತಿತ್ತು. ನೂರಕ್ಕೆ ಐದು ಬಡ್ಡಿ, ವರ್ಷಕ್ಕೆ ಎರಡು ಕಂತು, ಹದಿನಾರು ವರ್ಷಕ್ಕೆ ಅಸಲು ವಾಪಸು, ಬಡ್ಡಿಗೆ ತೆರಿಗೆ ಮಾಫಿ. ಚನ್ನರಾಯಪ್ಪ ಹನ್ನೆರಡು ಬಾಂಡು ಕೊಂಡ. ತಂಗಿಯ ಹೆಸರಿನಲ್ಲಿ ಕೊಂಡರೆ ಅವಳೇ ಪ್ರತಿ ಸಲ ಖಜಾನೆಗೆ ಬಂದು ಹೆಬ್ಬೆಟ್ಟು ಒತ್ತಬೇಕು, ಗೌನಿಪಲ್ಲಿಯವರ ಕಿವಿಗೆ ಬಿದ್ದರೆ ಮತ್ತೆ ರಗಳೆ ಎಂದು ತನ್ನ ಹೆಸರಿನಲ್ಲೇ ಬರೆಸಿದ. ಅಣ್ಣನ ಹೆಸರು ತಂಗಿಗೆ ಬೇಲಿಯಾಗುತ್ತದೆ ಎಂದುಕೊಂಡ. ಆ ವಯಸ್ಸಿನಲ್ಲಿ ಅವನಿಗೆ ಅನುಮಾನ ಪಡುವ ಅಭ್ಯಾಸ ಇರಲಿಲ್ಲ.

ಮೊದಲ ಕಂತು ತಂದ ಸಂಜೆ ಅವನು ಮಾಡಿದ ಕೆಲಸವನ್ನು ಆ ಬೀದಿಯ ಹೆಂಗಸರು ವರ್ಷಗಟ್ಟಲೆ ಆಡಿಕೊಂಡರು. ಗಂಡ ಸತ್ತವಳಿಗೆ ಮಡಿಲಕ್ಕಿ ಇಲ್ಲ. ಮುತ್ತೈದೆಯರ ಮಡಿಲು ತುಂಬುವಾಗ ಅವಳು ಒಳಕೋಣೆಯಲ್ಲಿರಬೇಕು. ಚನ್ನರಾಯಪ್ಪ ಪಡಸಾಲೆಯಲ್ಲಿ, ಎಲ್ಲರ ಕಣ್ಣೆದುರಿಗೆ, ತಂಗಿಯನ್ನು ಕರೆದು "ಸೆರಗೊಡ್ಡಮ್ಮಾ" ಎಂದ. ಎರಡು ಬೊಗಸೆ ಅಕ್ಕಿ ಹಾಕಿದ, ಮೇಲೆ ಮೂವತ್ತು ರೂಪಾಯಿ ಇಟ್ಟ. ಮುತ್ಯಾಲಮ್ಮ ಗಂಡ ಸತ್ತಾಗಲೂ ಅಷ್ಟು ಅತ್ತಿರಲಿಲ್ಲ. ಹೆಂಡತಿ ಅಂಜಮ್ಮ ಎದ್ದು ಒಳಗೆ ಹೋದಳು. ಮುಂದಿನ ಕಂತಿಗೆ ಅವಳೇ ಮೊರದಲ್ಲಿ ಅಕ್ಕಿ ತಂದಿಟ್ಟು, ಏನೂ ತಿಳಿಯದವಳಂತೆ ಪಾತ್ರೆ ಬೆಳಗಲು ಕೂತಳು. ಅಲ್ಲಿಂದ ಹದಿನಾಲ್ಕು ವರ್ಷ ಅದು ತಪ್ಪಲಿಲ್ಲ.

ಮುತ್ಯಾಲಮ್ಮ ಆ ಮನೆಯಲ್ಲಿ ಕೂತು ಉಂಡವಳಲ್ಲ. ಗೂಡಿನ ಮೂವತ್ತು ಆಳಿಗೆ ಮುದ್ದೆ ಬೇಯಿಸುತ್ತಿದ್ದಳು, ಅಣ್ಣನ ಮಗ ಕದಿರೇಶನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದ್ದಳು. ಆದರೂ ಅವಳಿಗೆ ಒಂದು ಆಸೆ ಇತ್ತು, ಅದನ್ನು ಮುಚ್ಚಿಡುತ್ತಲೂ ಇರಲಿಲ್ಲ. ತಾಯಿಯ ತವರು ವಕ್ಕಲೇರಿಯಲ್ಲಿ ದೂರದ ಸೋದರಮಾವನೊಬ್ಬನ ಎರಡಂಕಣದ ಮನೆ ಇತ್ತು. ಹಿಂದೆ ಕೊಟ್ಟಿಗೆ, ಬಾಗಿಲಲ್ಲಿ ನುಗ್ಗೆ ಮರ. ಮಕ್ಕಳಿಲ್ಲದ ಮುದುಕ, ಅಸಲು ಬಂದ ದಿನ ಒಂಬೈನೂರಕ್ಕೆ ಅವಳಿಗೇ ಕೊಡುತ್ತೇನೆ ಎಂದು ಮಾತು ಕೊಟ್ಟಿದ್ದ. ಉಳಿದ ಹಣಕ್ಕೆ ಎರಡು ಹಸು.

"ನಿನ್ನ ಮನೇಲಿ ನಂಗೆ ಏನೂ ಕಮ್ಮಿ ಇಲ್ಲಣ್ಣ," ಎನ್ನುತ್ತಿದ್ದಳು. "ಆದ್ರೂ ನನ್ನ ಬಾಗ್ಲು ನಾನು ತೆಗೀಬೇಕು, ನಾನೇ ಹಾಕ್ಬೇಕು ಅಂತ ಅನ್ನಿಸ್ತದೆ. ನಲವತ್ತೆಂಟಕ್ಕೆ ಎಷ್ಟು ವರ್ಷ ಇದೆ ಈಗ?"

ಅವನು ಲೆಕ್ಕ ಹೇಳುತ್ತಿದ್ದ. ಅವಳಿಗೆ ಲೆಕ್ಕ ಅವನಿಗಿಂತ ಚೆನ್ನಾಗಿ ಗೊತ್ತಿತ್ತು, ಅವನ ಬಾಯಿಂದ ಕೇಳಬೇಕಾಗಿತ್ತು ಅಷ್ಟೇ.

ಯುದ್ಧ ಬಂತು. ಬೆಂಗಳೂರಿನ ಸುತ್ತ ಸಿಪಾಯಿಗಳಿಗೆ ಮನೆ, ಉಗ್ರಾಣ, ಆಸ್ಪತ್ರೆ ಎಂದು ಕಟ್ಟಿದ್ದೇ ಕಟ್ಟಿದ್ದು. ಮಾಲೂರಿನ ಮಣ್ಣಿಗೆ ಬಂಗಾರದ ಬೆಲೆ ಬಂತು. ಎರಡು ಗೂಡು ಐದಾದವು. ಸೌದೆಗೆ ಪರದಾಟ, ಗಾಡಿಗೆ ಪರದಾಟ, ಆದರೆ ಕೈಯಲ್ಲಿ ದುಡ್ಡು. ಕಂಟ್ರಾಕ್ಟರುಗಳು ರಸೀದಿ ಬೇಡ, ಬಿಲ್ಲು ಬೇಡ, ಈ ಹೊತ್ತಿಗೆ ಹತ್ತು ಗಾಡಿ ಕಳಿಸಿ ಎಂದು ನೋಟು ಎಣಿಸಿ ಹೋಗುತ್ತಿದ್ದರು. ಮೊದಮೊದಲು ಚನ್ನರಾಯಪ್ಪ ಅದನ್ನೂ ಕಿರ್ದಿಗೆ ಹಾಕಿಸಿದ. ಆಮೇಲೆ ಒಂದಷ್ಟು ಬಿಟ್ಟ. ಊರಿನಲ್ಲಿ ಎಲ್ಲರೂ ಬಿಡುತ್ತಿದ್ದರು ಎಂದು ತನಗೆ ತಾನೇ ಹೇಳಿಕೊಂಡ. ಹಾಗೆ ಬಿಟ್ಟದ್ದು ಮೂರು ವರ್ಷದಲ್ಲಿ ಎರಡು ಸಾವಿರಕ್ಕೆ ಹತ್ತಿರ.

ವರಮಾನ ಮಿತಿ ದಾಟಿತು, ಸಾವಿರದ ಒಂಬೈನೂರ ನಲವತ್ತಮೂರರಲ್ಲಿ ತೆರಿಗೆ ಕಚೇರಿಯಿಂದ ಫಾರಂ ಬಂತು. ಗೂಡಿನ ಲೆಕ್ಕ ಬರೆಯುತ್ತಿದ್ದವರು ವೆಂಕಟರಾಯಪ್ಪನವರು, ಮುಳಬಾಗಿಲಿನ ಕಡೆಯವರು, ಹಿಂದೆ ಸ್ಕೂಲು ಮೇಷ್ಟರಾಗಿದ್ದವರು. ಅವರು ಕನ್ನಡಕ ಏರಿಸಿಕೊಂಡು ಫಾರಂನ ಒಂದೊಂದು ಮನೆಯನ್ನೂ ಓದಿ ಹೇಳಿ ತುಂಬುತ್ತಿದ್ದರು.

"ಇಲ್ಲೊಂದಿದೆ ನೋಡಿ. ಸರ್ಕಾರದ ಬಾಂಡಿನ ಬಡ್ಡಿ. ತೆರಿಗೆ ಇಲ್ಲದ್ದಾದರೂ ಕಾಣಿಸಬೇಕು ಅಂತ ಕೇಳ್ತಾರೆ. ನಿಮ್ಮ ಹೆಸರಲ್ಲಿ ಬಾಂಡು ಗೀಂಡು ಏನಾದ್ರೂ ಇದೆಯೋ?"

"ಇಲ್ಲ ಮೇಷ್ಟ್ರೆ," ಎಂದ ಚನ್ನರಾಯಪ್ಪ.

ಸುಳ್ಳು ಹೇಳಿದೆ ಎಂದು ಅವನ ಮನಸ್ಸಿಗೆ ಹೊಳೆಯಲೇ ಇಲ್ಲ. ತೆರಿಗೆ ಇಲ್ಲದ ಹಣವನ್ನು ತೆರಿಗೆಯ ಕಾಗದದಲ್ಲಿ ಯಾಕೆ ಬರೆಯಬೇಕು? ಅದಕ್ಕೂ ಮೊದಲು, ಅದು ಅವನದೆಲ್ಲಿ? ಕಿರ್ದಿಗೇ ಹತ್ತದ ಹಣ ಸರ್ಕಾರದ ಫಾರಂಗೆ ಹತ್ತುವುದುಂಟೆ? ಅದೇ ಪ್ರಶ್ನೆ ಮತ್ತೆರಡು ವರ್ಷ ಬಂತು, ಅದೇ ಉತ್ತರ ಹೋಯಿತು. ಕೆಳಗೆ, ಇದರಲ್ಲಿ ಬರೆದದ್ದೆಲ್ಲ ನಿಜ, ಏನೂ ಬಿಟ್ಟಿಲ್ಲ ಎಂಬ ಸಾಲಿನ ಅಡಿ, ಅವನು ಮೂರು ಸಲವೂ ನಿಧಾನವಾಗಿ ದುಂಡಗೆ ರುಜು ಹಾಕಿದ.

ಸಾವಿರದ ಒಂಬೈನೂರ ನಲವತ್ತಾರರ ಬೇಸಿಗೆಯಲ್ಲಿ ನೋಟೀಸು ಬಂತು. ಖಜಾನೆಯಲ್ಲಿ ಬಾಂಡಿನ ಬಡ್ಡಿ ಪಡೆದವರ ಪಟ್ಟಿ ತೆರಿಗೆ ಕಚೇರಿಗೆ ಹೋಗಿತ್ತು. ಮೂರು ವರ್ಷವೂ ಅರವತ್ತು ಅರವತ್ತು ರೂಪಾಯಿ ಚನ್ನರಾಯಪ್ಪನ ರುಜುವಿಗೆ ಸಂದಿದೆ, ಮೂರು ವರ್ಷವೂ ಅವನ ಫಾರಂನಲ್ಲಿ ಆ ಮನೆ ಖಾಲಿ. ಎಲ್ಲ ಲೆಕ್ಕದ ಪುಸ್ತಕಗಳೊಂದಿಗೆ ಹಾಜರಾಗಬೇಕು. ಕದಿರೇಶ ಹೈಸ್ಕೂಲು ಓದಿದವನು, ಈಗ ಗೂಡಿನ ವ್ಯವಹಾರದಲ್ಲಿ ಅಪ್ಪನಿಗೆ ಸರಿಸಮ. ಅವನೇ ಅದನ್ನು ಓದಿದ್ದು. ಓದಿ, ಒಂದು ಕ್ಷಣ ಅಪ್ಪನ ಮುಖ ನೋಡಿದ.

"ಅಪ್ಪಾ, ಅರವತ್ತು ರೂಪಾಯಿಗೆ ಹೆದರಬೇಕಾಗಿಲ್ಲ. ಪುಸ್ತಕ ತರ್ಬೇಕು ಅಂತ ಇದೆಯಲ್ಲ, ಅದಕ್ಕೆ ಹೆದರಬೇಕು."

ಆ ವಾರ ಚನ್ನರಾಯಪ್ಪ ಗೂಡಿನ ಹತ್ತಿರ ನಿಂತಿದ್ದರೂ ಬೆಂಕಿ ಕಡೆ ಗಮನವಿಲ್ಲದೆ ಒಂದು ಗೂಡು ಅರೆಬೆಂದು ಹೋಯಿತು. ತಂಗಿ ಎರಡು ಸಲ ಏನಣ್ಣ ಎಂದು ಕೇಳಿದಳು. ಸೌದೆ ಹಸಿ ಎಂದ.

ಕೋಲಾರಕ್ಕೆ ಅವನೂ ವೆಂಕಟರಾಯಪ್ಪನವರೂ ಪೆಟ್ರೋಲಿಲ್ಲದೆ ಇದ್ದಿಲಿನಲ್ಲಿ ಓಡುತ್ತಿದ್ದ ಬಸ್ಸಿನಲ್ಲಿ ಹೋದರು. ವಕ್ಕಲೇರಿಯಲ್ಲಿ ಬಸ್ಸು ನಿಂತಾಗ ನುಗ್ಗೆ ಮರದ ಮನೆ ಬೀದಿಯ ಕೊನೆಗೆ ಕಾಣುತ್ತಿತ್ತು. ಅವನು ಆ ಕಡೆ ನೋಡಲಿಲ್ಲ.

ತೆರಿಗೆ ಅಧಿಕಾರಿ ಮಧ್ಯವಯಸ್ಸಿನವರು, ಸಮಾಧಾನದ ಮನುಷ್ಯ. ಕೂತುಕೊಳ್ಳಲು ಹೇಳಿದರು, ಕುಡಿಯಲು ನೀರು ತರಿಸಿದರು. ಗದರಿಸುವವರಾಗಿದ್ದರೆ ಚನ್ನರಾಯಪ್ಪ ಎದುರು ನಿಲ್ಲುತ್ತಿದ್ದನೇನೋ, ಆ ಸಮಾಧಾನದೆದುರು ಅವನ ಧೈರ್ಯ ಇಳಿದುಹೋಯಿತು.

"ನೋಡಿ ಚನ್ನರಾಯಪ್ಪನವರೇ, ಈ ಬಡ್ಡಿಗೆ ತೆರಿಗೆ ಇಲ್ಲ, ನಿಜ. ಆದರೆ ನಿಮ್ಮ ಉಳಿದ ವರಮಾನಕ್ಕೆ ಯಾವ ದರ ಅಂತ ಗೊತ್ತುಮಾಡೋವಾಗ ಇದನ್ನೂ ಕೂಡಿಸಿ ನೋಡ್ತೀವಿ. ಒಂದು ವರ್ಷ ನೀವು ಈ ಅರವತ್ತರಿಂದ ಮೇಲಿನ ದರಕ್ಕೆ ಹೋಗ್ತೀರಿ. ಅದಕ್ಕೆ ಬರೀಬೇಕು ಅನ್ನೋದು. ಯಾಕೆ ಬರೀಲಿಲ್ಲ?"

"ಅದು ನಂದಲ್ಲ ಸ್ವಾಮಿ. ನನ್ನ ತಂಗೀದು."

"ಬಾಂಡು ನಿಮ್ಮ ಹೆಸರಲ್ಲಿದೆಯಲ್ಲ."

ಚನ್ನರಾಯಪ್ಪ ಒಡವೆಯ ಕಥೆ ಹೇಳಿದ. ತೊದಲಿದ, ಹಿಂದೆ ಮುಂದೆ ಮಾಡಿದ, ಆದರೆ ಪೂರ್ತಿ ಹೇಳಿದ. ಅಧಿಕಾರಿ ನಡುವೆ ಬಾಯಿ ಹಾಕದೆ ಕೇಳಿದರು.

"ನಂಬ್ತೀನಿ ಅಂತಲೇ ಇಟ್ಕೊಳ್ಳಿ. ಆದರೆ ನನಗೆ ಕಾಗದ ಬೇಕು. ಒಡವೆ ಮಾರಿದ ಚೀಟಿ ಇದೆಯೇ?"

"ಇಲ್ಲ ಸ್ವಾಮಿ."

"ತಂಗಿ ಹಣ ಇಷ್ಟು ಬಂತು, ಬಾಂಡಿಗೆ ಹಾಕಿದೆ, ಬಡ್ಡಿ ಅವಳಿಗೆ ಕೊಟ್ಟೆ ಅಂತ ನಿಮ್ಮ ಕಿರ್ದಿಯಲ್ಲಿ ಎಲ್ಲಾದರೂ ಒಂದು ಸಾಲು?"

ಚನ್ನರಾಯಪ್ಪ ಅಂಗೈಯಿಂದ ಮುಖ ಒರೆಸಿಕೊಂಡ. ಹದಿನಾಲ್ಕು ವರ್ಷ, ಇಪ್ಪತ್ತೆಂಟು ಕಂತು, ಒಂದೂ ಸಾಲಿಲ್ಲ. ತಾಯಿ ಹೇಳಿದ್ದನ್ನು ಅವನು ಅಕ್ಷರಕ್ಕಕ್ಷರ ನಡೆಸಿದ್ದ. ತಂಗಿಯ ಹಣ ಕಾಯಲು ಏನನ್ನು ಮಾಡದೆ ಬಿಟ್ಟಿದ್ದನೋ ಅದೇ ಈಗ ಅವಳದೆಂದು ಹೇಳುವ ದಾರಿಯನ್ನು ಮುಚ್ಚಿತ್ತು.

"ನಮ್ಮ ಮನೇಲಿ ಹೆಣ್ಮಕ್ಕಳ ಕಾಸು ಬರೆಯೋದಿಲ್ಲ ಸ್ವಾಮಿ," ಎಂದ. ಅವನಿಗೇ ಅದು ಪೊಳ್ಳಾಗಿ ಕೇಳಿಸಿತು.

"ಇನ್ನೇನೇನು ಬರೆಯೋದಿಲ್ಲ?" ಎಂದರು ಅಧಿಕಾರಿ.

ಗಟ್ಟಿಯಾಗಿ ಕೇಳಿದ್ದಲ್ಲ, ಕುಹಕವೂ ಇರಲಿಲ್ಲ. ಆದರೆ ಚನ್ನರಾಯಪ್ಪನಿಗೆ ಬರೆಯದೆ ಬಿಟ್ಟ ಗಾಡಿಗಳು ಒಂದೊಂದಾಗಿ ನೆನಪಿಗೆ ಬಂದವು. ತಂಗಿಯ ಹಣವನ್ನು ಪ್ರೀತಿಯಿಂದ ಬಿಟ್ಟಿದ್ದ, ಕಂಟ್ರಾಕ್ಟರುಗಳ ಹಣವನ್ನು ಆಸೆಯಿಂದ ಬಿಟ್ಟಿದ್ದ. ಪುಸ್ತಕದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಅವನಿಗೆ ಮಾತ್ರ ಗೊತ್ತಿರುವ ವ್ಯತ್ಯಾಸವನ್ನು ಯಾವ ಸಾಹೇಬರಿಗೆ ತೋರಿಸುವುದು?

ಅಧಿಕಾರಿ ಎರಡು ದಾರಿ ಇಟ್ಟರು. ಬಾಂಡು ನನ್ನದೇ, ತೆರಿಗೆ ಇಲ್ಲವೆಂದು ತಿಳಿದು ಕಾಣಿಸಲಿಲ್ಲ, ತಪ್ಪಾಯಿತು ಎಂದು ಬರೆದು ರುಜು ಮಾಡಿದರೆ, ತಿಳಿಯದೆ ಆದ ತಪ್ಪು ಎಂದು ದರದ ವ್ಯತ್ಯಾಸ ಹಾಕಿ ಇವತ್ತೇ ಮುಗಿಸಬಹುದು. ಹದಿನಾಲ್ಕು ರೂಪಾಯಿ ಚಿಲ್ಲರೆ ಆಗುತ್ತದೆ. ತಂಗಿಯದೇ ಎನ್ನುವುದಾದರೆ ವಿಚಾರಣೆ ಆಗಬೇಕು. ಆಕೆಯನ್ನು ಕರೆಸಬೇಕು, ಮೂರು ವರ್ಷದ ಪುಸ್ತಕವನ್ನೆಲ್ಲ ಇಲ್ಲಿ ಬಿಟ್ಟು ಹೋಗಬೇಕು.

"ಯೋಚನೆ ಮಾಡಿ. ಅವಸರ ಇಲ್ಲ," ಎಂದು ಬೇರೆ ಕಾಗದ ನೋಡತೊಡಗಿದರು.

ಹೊರಗೆ ಹುಣಸೆ ಮರದ ಕೆಳಗೆ ವೆಂಕಟರಾಯಪ್ಪನವರು ಪುಸ್ತಕದ ಗಂಟನ್ನು ಕಾಲಸಂದಿಯಲ್ಲಿ ಇಟ್ಟುಕೊಂಡು ಕೂತರು. ಅವರಿಗೆ ಬಿಟ್ಟ ಗಾಡಿಗಳ ಸಂಗತಿ ಗೊತ್ತು.

"ಪುಸ್ತಕ ಇಲ್ಲಿ ಬಿಟ್ರೆ ನೀವು ಉಳಿಯೋದಿಲ್ಲ ಯಜಮಾನ್ರೆ. ದಂಡ ಹಾಕ್ತಾರೆ, ಗೂಡಿಗೆ ಗೂಡೇ ಹೋಗ್ತದೆ. ಇದೊಂದು ಸಾಲು ಬರೀರಿ. ಬರೆದ ಮಾತ್ರಕ್ಕೆ ತಂಗಿ ದುಡ್ಡು ನೀವು ತಿಂತೀರಾ? ಕೊಡೋದು ಕೊಡ್ತಾ ಇರಿ."

"ಕೊಡೋದು ಕೊಡ್ತೀನಿ," ಎಂದ ಚನ್ನರಾಯಪ್ಪ.

"ಮತ್ತೆ?"

ಮತ್ತೇನು ಎಂಬುದು ಅವನಿಗೆ ಗೊತ್ತಿತ್ತು. ನನ್ನ ತಾಯಿಯ ಮಾತಿನ ಪ್ರಕಾರ ಬರೆದದ್ದು ಮನೆಯದಾಗುತ್ತದೆ ಎಂದರೆ ಮೇಷ್ಟರು ನಗುತ್ತಿದ್ದರು. ತಂಗಿಯನ್ನು ಕರೆದುಕೊಂಡು ಬಂದು, ಪುಸ್ತಕ ಬಿಟ್ಟು, ಬಂದದ್ದನ್ನು ಅನುಭವಿಸುತ್ತೇನೆ ಎನ್ನಬಹುದಿತ್ತು. ಅವಳು ಬಂದು ನಿಂತು ಹೌದು ನನ್ನದು ಎನ್ನುತ್ತಿದ್ದಳು, ಅದರಲ್ಲಿ ಅನುಮಾನವಿಲ್ಲ. ಅವನು ಹಾಗೆ ಮಾಡಲಿಲ್ಲ. ಐದು ಗೂಡು ಕಣ್ಣೆದುರಿಗೆ ಬಂದವು, ಮಾಲೂರಿನ ಸಂತೆಯಲ್ಲಿ ಜನ ತನ್ನನ್ನು ಹೇಗೆ ನೋಡುತ್ತಾರೆಂಬುದು ಬಂತು. ಅವನು ಒಳಗೆ ಹೋಗಿ ಬರೆದುಕೊಟ್ಟ. ಈ ಬಾಂಡುಗಳು ನನ್ನ ಸ್ವಂತದವು, ಇದರ ಬಡ್ಡಿ ನನ್ನ ವರಮಾನ, ಬೇರೆ ಯಾರಿಗೂ ಇದರಲ್ಲಿ ಹಕ್ಕಿಲ್ಲ. ಕೊನೆಯ ಮಾತನ್ನು ಕಚೇರಿಯ ಗುಮಾಸ್ತರು ಹೇಳಿ ಬರೆಸಿದರು, ಬರವಣಿಗೆ ಹಾಗೇ ಇರಬೇಕು ಎಂದರು. ಅವನು ಅದನ್ನೂ ಬರೆದ. ರುಜು ಮೊದಲಿನಷ್ಟು ದುಂಡಗೆ ಬರಲಿಲ್ಲ.

ಮನೆಗೆ ಬಂದು ಮುಗೀತು ಎಂದಷ್ಟೇ ಹೇಳಿದ. ಅಂಜಮ್ಮ ದೇವರ ಮುಂದೆ ದೀಪ ಹಚ್ಚಿದಳು. ಮುತ್ಯಾಲಮ್ಮ ಅಣ್ಣನಿಗೆ ಇಷ್ಟವೆಂದು ಹುರುಳಿ ಬಸ್ಸಾರು ಮಾಡಿದಳು. ಅವನು ಎರಡು ತುತ್ತು ತಿಂದು ಎದ್ದ. ಹೇಳಿಬಿಡಬೇಕಿತ್ತು, ಅವತ್ತೇ ಹೇಳಿಬಿಡಬೇಕಿತ್ತು. ನಾಳೆ ಹೇಳುತ್ತೇನೆ ಎಂದು ಎರಡು ತಿಂಗಳು ತಳ್ಳಿದ.

ಆಗಸ್ಟಿನಲ್ಲಿ ಟಪಾಲಿನವನು ತೆರಿಗೆ ಕಚೇರಿಯ ಹುಕುಂ ತಂದುಕೊಟ್ಟ. ಪಡಸಾಲೆಯಲ್ಲಿ ಎಲ್ಲರೂ ಇದ್ದರು. ಕದಿರೇಶ ಒಡೆದು ಗಟ್ಟಿಯಾಗಿ ಓದಿದ. ಅವನಿಗೆ ಅದು ಒಳ್ಳೆಯ ಸುದ್ದಿ, ಗೂಡು ಉಳಿದ ಸುದ್ದಿ. ಹದಿನಾಲ್ಕು ರೂಪಾಯಿ ಮೂರಾಣೆ ಕಟ್ಟತಕ್ಕದ್ದು. ಸದರಿ ಬಾಂಡುಗಳು ತಮ್ಮ ಸ್ವಂತದವೆಂದೂ ಬೇರೆ ಯಾರಿಗೂ ಅವುಗಳಲ್ಲಿ ಹಕ್ಕಿಲ್ಲವೆಂದೂ ಚನ್ನರಾಯಪ್ಪನವರು ಒಪ್ಪಿ ಬರೆದುಕೊಟ್ಟಿರುತ್ತಾರೆ.

ಅಡುಗೆಮನೆಯ ಬಾಗಿಲಲ್ಲಿ ಮುತ್ಯಾಲಮ್ಮ ಮುದ್ದೆ ಕೋಲು ಹಿಡಿದು ನಿಂತಿದ್ದಳು.

"ಕದಿರಾ, ಅದನ್ನ ಇನ್ನೊಂದು ಸಲ ಓದಪ್ಪ," ಎಂದಳು.

ಕದಿರೇಶನಿಗೆ ಆಗ ಅರ್ಥವಾಯಿತು. ಕಾಗದ ಮಡಿಸಿದ. "ಅದು ಸರ್ಕಾರದ ಭಾಷೆ ಅತ್ತೆ, ಹಾಗೆ ಬರೀತಾರೆ."

"ಬರೆದದ್ದು ನಿಮ್ಮಪ್ಪನಾ, ಸರ್ಕಾರನಾ?"

ಚನ್ನರಾಯಪ್ಪ ತಲೆ ಎತ್ತಿದ. "ನಾನೇ ಕಣಮ್ಮ. ಬರೀದೆ ಇದ್ದಿದ್ರೆ ಗೂಡು ಹೋಗ್ತಿತ್ತು. ನಿನ್ನ ಕಾಸು ನಿನಗೇ. ಅದೇನೂ ಬದಲಾಗೋದಿಲ್ಲ."

ಅವಳು ಒಳಗೆ ಹೋಗಿ ಮುದ್ದೆ ತೊಳಸಿದಳು. ಅವತ್ತು ಎಲ್ಲರ ತಟ್ಟೆಗೂ ಮುದ್ದೆ ಬಿಸಿಯಾಗಿಯೇ ಬಿತ್ತು. ಕೂಗಾಡಿದ್ದರೆ, ಎದೆ ಬಡಿದುಕೊಂಡಿದ್ದರೆ ಚನ್ನರಾಯಪ್ಪನಿಗೆ ಎಷ್ಟೋ ಹಗುರಾಗುತ್ತಿತ್ತು.

ಸೆಪ್ಟೆಂಬರು ಬಂತು. ಅವನು ಎಂದಿನಂತೆ ರುಮಾಲು ಸುತ್ತಿ ಕೋಲಾರಕ್ಕೆ ಹೋಗಿ ಮೂವತ್ತು ರೂಪಾಯಿ ತಂದ. ಪಡಸಾಲೆಯಲ್ಲಿ ವೆಂಕಟರಾಯಪ್ಪನವರು ಕಿರ್ದಿ ಬಿಚ್ಚಿಕೊಂಡು ಕೂತಿದ್ದರು, ಪಕ್ಕದಲ್ಲಿ ಕದಿರೇಶ. ಆ ದಿನ ಗೂಡಿನ ವಾರದ ಬಟವಾಡೆ. ಅಂಗಳದಲ್ಲಿ ಆಳುಗಳು ಕೂಲಿಗೆ ಸಾಲುಗಟ್ಟಿದ್ದರು.

"ಇನ್ಮೇಲೆ ಇದೂ ಕಿರ್ದಿಗೆ ಬರಬೇಕು ಯಜಮಾನ್ರೆ," ಎಂದರು ವೆಂಕಟರಾಯಪ್ಪನವರು. "ಮುಂದಿನ ಫಾರಂನಲ್ಲಿ ಕಾಣಿಸ್ತೀವಿ, ಪುಸ್ತಕದಲ್ಲಿ ಇಲ್ಲದಿದ್ರೆ ಮತ್ತೆ ಕೇಳ್ತಾರೆ. ಬಾಂಡಿನ ಬಡ್ಡಿ ಮೂವತ್ತು, ಜಮಾ. ಬರೆದೆ. ಈಗ ಅಮ್ಮನವರಿಗೆ ಕೊಡೋದು ಖರ್ಚಾಗಬೇಕಲ್ಲ. ಯಾವ ಬಾಬಿಗೆ ಹಾಕ್ಲಿ?"

ಮುತ್ಯಾಲಮ್ಮ ನಡುಬಾಗಿಲಿಗೆ ಬಂದಿದ್ದಳು. ಅಂಜಮ್ಮ ಮೊರದಲ್ಲಿ ಅಕ್ಕಿ ತಂದು ಕಂಬದ ಹತ್ತಿರ ಇಟ್ಟಿದ್ದಳು.

"ಕೂಲಿ ಅಲ್ಲ, ಸಾಲ ತೀರ್ಸಿದ್ದೂ ಅಲ್ಲ," ಎಂದು ಮೇಷ್ಟರು ಲೇಖನಿ ಹಿಡಿದು ಕಾದರು. "ಅವರದು ಅಂತ ಬರೆಯೋಕೆ ಈಗ ಆಗೋದಿಲ್ಲ, ಬರೆದುಕೊಟ್ಟಾಗಿದೆ."

"ಧರ್ಮಕ್ಕೆ ಹಾಕಿ," ಎಂದ ಕದಿರೇಶ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಪುಸ್ತಕದಲ್ಲಿ ಹೊಂದುವ ಬಾಬು ಅದೊಂದೇ ಇತ್ತು. ಭಿಕ್ಷೆಯವರಿಗೆ ಕೊಟ್ಟದ್ದು, ಗುಡಿಯ ಎಣ್ಣೆಗೆ ಕೊಟ್ಟದ್ದು, ಅನಾಥ ಹೆಣ ಸುಡಲು ಕೊಟ್ಟದ್ದು, ಎಲ್ಲ ಅಲ್ಲೇ ಬೀಳುತ್ತಿತ್ತು.

ವೆಂಕಟರಾಯಪ್ಪನವರು ಯಜಮಾನನ ಮುಖ ನೋಡಿದರು. ಬೇಡ ಎನ್ನಲು ಚನ್ನರಾಯಪ್ಪನ ಬಾಯಿ ತೆರೆಯಿತು. ಬೇಡ ಎಂದ ಮೇಲೆ ಏನು ಬರೆಯಬೇಕೆಂದು ಹೇಳಬೇಕಲ್ಲ. ಅವನಿಗೆ ಹೊಳೆದ ಒಂದೇ ಮಾತು, ತಂಗಿಯದು ಎಂಬುದು, ಅವನ ರುಜುವಿನ ಕೆಳಗೆ ಬಿದ್ದಿತ್ತು. ಬಾಯಿ ಹಾಗೇ ಮುಚ್ಚಿತು. ಲೇಖನಿ ಕರಕರ ಎಂದಿತು.

"ಧರ್ಮ, ಮುತ್ಯಾಲಮ್ಮನವರಿಗೆ, ಮೂವತ್ತು," ಎಂದು ಮೇಷ್ಟರು ಬರೆದದ್ದನ್ನು ಅಭ್ಯಾಸಬಲದಿಂದ ಓದಿದರು.

ಚನ್ನರಾಯಪ್ಪ ಎದ್ದ. ಸೊಂಟದ ಚೀಲದ ಗಂಟು ಬಿಚ್ಚಿದ. ಮೊರದಿಂದ ಎರಡು ಬೊಗಸೆ ಅಕ್ಕಿ ತುಂಬಿಕೊಂಡು ತಂಗಿಯ ಮುಂದೆ ಹೋಗಿ ನಿಂತ.

"ಸೆರಗೊಡ್ಡಮ್ಮಾ," ಎಂದ.

ಮುತ್ಯಾಲಮ್ಮ ಸೆರಗನ್ನು ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ವಕ್ಕಲೇರಿ ಮಾವನಿಗೆ ಹೇಳ್ಕಳಿಸಿದೀನಿ ಅಣ್ಣ," ಎಂದಳು. "ಮನೇನ ಬೇರೆ ಯಾರಿಗಾದ್ರೂ ಕೊಡಿ, ನಂಗೆ ಬೇಡ ಅಂತ."

"ಯಾಕಮ್ಮ? ಇನ್ನೆರಡೇ ವರ್ಷ. ಅಸಲು ಬಂದ ದಿನ ನಾನೇ ತಂದು..."

"ನೀನು ಕೊಡ್ತೀಯ, ನಂಗೊತ್ತು. ನೀನು ಕೊಟ್ಟ ಮನೆ ಬಾಗ್ಲು ಹಾಕೋಕೆ ವಕ್ಕಲೇರಿಗ್ಯಾಕೆ ಹೋಗ್ಲಿ? ಅಂಥ ಬಾಗ್ಲು ಇಲ್ಲೇ ಒಂದಿದೆಯಲ್ಲ."

ಅಂಗಳದಲ್ಲಿ ಆಳುಗಳ ಸಾಲು ನೋಡುತ್ತಿತ್ತು. ಅಕ್ಕಿ ಚನ್ನರಾಯಪ್ಪನ ಬೆರಳಸಂದಿಯಿಂದ ನೆಲಕ್ಕೆ ಸುರಿಯಿತು. ಮುತ್ಯಾಲಮ್ಮ ಮುಂದೆ ಬಂದು, ಬಟವಾಡೆಯ ದಿನ ಗೂಡಿನ ಹೆಂಗಸರು ಕೂಲಿಗೆ ಹಿಡಿಯುವ ಹಾಗೆ, ಬಲಗೈ ಅಂಗೈಯನ್ನು ಅವನ ಮುಂದೆ ಒಡ್ಡಿದಳು.